ಹಂದಿಗೂಡಿನಿಂದ ಊಟದ ಎಲೆಯವರೆಗೆ

ಕೊಡಗಿನ ಹಬ್ಬದೂಟಕ್ಕೆ ಹಂದಿಮಾಂಸ ಹೊಸದಲ್ಲ. ಆದರೆ ಸಾಕಿದ ಹಂದಿಯ ಕರುಳಿನಲ್ಲಿ ನೆಲೆಸಿ, ಆಹಾರದ ಮೂಲಕ ಮನುಷ್ಯನನ್ನು ಸೇರುವ ಬ್ಯಾಕ್ಟೀರಿಯಾಗಳ ವಿಷಯ ಬಂದಾಗ ನಮ್ಮಲ್ಲಿ ಕೆಲವರದು ಅಸಡ್ಡೆ, ಕೆಲವರದು ಹೇಸಿಗೆ. ಎರಡಕ್ಕೂ ವಿಜ್ಞಾನದ ಆಧಾರವಿಲ್ಲ.

ಸಾಲ್ಮೊನೆಲ್ಲಾ ಹೊತ್ತ ಹಂದಿ ಹೆಚ್ಚಾಗಿ ಆರೋಗ್ಯವಾಗಿಯೇ ಕಾಣುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2006-07ರಲ್ಲಿ ಕಸಾಯಿಖಾನೆಗೆ ಬಂದ ಹಂದಿಗಳ ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದಾಗ ಶೇ. 10.3ರಷ್ಟರಲ್ಲಿ ಅದು ಪತ್ತೆಯಾಯಿತು. ದೇಶದಿಂದ ದೇಶಕ್ಕೆ ಈ ಪ್ರಮಾಣ ಸೊನ್ನೆಯಿಂದ ಶೇ. 29ರವರೆಗೆ ಬದಲಾಯಿತು. ಮಲಪರೀಕ್ಷೆ, ರಕ್ತಪರೀಕ್ಷೆ, ಗ್ರಂಥಿಪರೀಕ್ಷೆಗಳು ಒಂದೊಂದೂ ಬೇರೆ ಅಂಕಿಯನ್ನು ಕೊಡುತ್ತವೆ. ಆದ್ದರಿಂದ ಒಂದೇ ಅಧ್ಯಯನವನ್ನು ಹಿಡಿದು ತೀರ್ಪು ಕೊಡಲಾಗದು. ಹಲವನ್ನು, ಅವುಗಳ ವಿಧಾನದೊಂದಿಗೆ, ಒಟ್ಟಿಗೆ ತೂಗಿ ನೋಡಬೇಕು. ವಿದ್ಯಾರ್ಥಿಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಾಗೆ ತೂಗಿದಾಗ ದೋಷ ಹಂದಿಯದಲ್ಲ, ಸಾಕುವ ರೀತಿಯದು ಎಂಬುದು ಸ್ಪಷ್ಟವಾಗುತ್ತದೆ. ಇಕ್ಕಟ್ಟಾದ ಗೂಡು, ದೂರದ ಸಾಗಣೆ, ವಧೆಗೆ ಮುನ್ನ ಕೊಳಕು ದೊಡ್ಡಿಯಲ್ಲಿ ಕಳೆಯುವ ಕೆಲವೇ ಗಂಟೆಗಳು ಸೋಂಕನ್ನು ಹರಡುತ್ತವೆ. ಕಾರ್ಖಾನೆಯ ಗುಳಿಗೆ ಮೇವಿಗಿಂತ ತರಿತರಿಯಾಗಿ ಬೀಸಿದ ಮೇವು ತಿಂದ ಹಂದಿಗಳಲ್ಲಿ ಸಾಲ್ಮೊನೆಲ್ಲಾ ಕಡಿಮೆಯೆಂದು ಡೆನ್ಮಾರ್ಕಿನ ಅಧ್ಯಯನಗಳು ತೋರಿಸಿವೆ.

ಇದಕ್ಕಿಂತ ಗಂಭೀರವಾದುದು ಔಷಧದ ದುರ್ಬಳಕೆ. ಬೇರೆ ಔಷಧಗಳು ಸೋತಾಗ ವೈದ್ಯರು ಆಶ್ರಯಿಸುವ ಕೊಲಿಸ್ಟಿನ್ ಅನ್ನು ಹಂದಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸಲಾಗುತ್ತಿತ್ತು. ಅದನ್ನು ಮಣಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ವಂಶವಾಹಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಇರುವುದು 2015ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರವು 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಬೆಳವಣಿಗೆಗಾಗಿ ಪ್ರತಿಜೈವಿಕ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ಪೂರ್ಣವಾಗಿ ನಿಲ್ಲಿಸಿತ್ತು. ಅದಕ್ಕೂ ಮೊದಲೇ ನಿಲ್ಲಿಸಿದ ಡೆನ್ಮಾರ್ಕಿನಲ್ಲಿ ಹಂದಿಸಾಕಣೆ ಮುಳುಗಲಿಲ್ಲ.

ಗುಡ್ಡದ ಮೇಲಿನ ಗೂಡಿನ ಕೊಳಚೆ ಹಳ್ಳಕ್ಕಿಳಿದರೆ ಅದು ಕೆಳಗಿನ ಊರಿನ ಕುಡಿಯುವ ನೀರನ್ನು ಸೇರುತ್ತದೆ. ಅದಕ್ಕೇ ನಮ್ಮ ಒತ್ತಾಯವಿಷ್ಟು: ಮೇವಿನ ಚೀಲದ ಮೇಲೆ ಬೆರೆಸಿದ ಔಷಧದ ಹೆಸರಿರಲಿ, ಪಶುವೈದ್ಯರ ಚೀಟಿಯಿಲ್ಲದೆ ಪ್ರತಿಜೈವಿಕ ಸಿಗದಿರಲಿ, ಪಂಚಾಯಿತಿಗಳು ಶುಚಿಯಾದ ವಧಾಸ್ಥಳ ಒದಗಿಸಲಿ. ನಾಲ್ಕು ಹಂದಿ ಸಾಕಿ ಬದುಕುವವರ ಮೇಲೆ ಮಾತ್ರ ತಪ್ಪು ಹೊರಿಸುವುದು ಬೇಡ.

ಮನೆಯಲ್ಲಿ ಮಾಡಬಹುದಾದುದೂ ಇದೆ. ಚೆನ್ನಾಗಿ ಬೆಂದ ಮಾಂಸದಲ್ಲಿ ಸಾಲ್ಮೊನೆಲ್ಲಾ ಉಳಿಯದು. ಹಸಿಮಾಂಸ ಕೊಯ್ದ ಕತ್ತಿಯನ್ನು ತೊಳೆಯದೆ ಸೌತೆಕಾಯಿ ಹೆಚ್ಚಿದರೆ ಉಳಿಯುತ್ತದೆ. ಎಚ್ಚರ ಗೂಡಿನಲ್ಲೂ ಇರಲಿ, ಅಡುಗೆಮನೆಯಲ್ಲೂ ಇರಲಿ.