ಕನ್ನಡದ ಕಡತಕ್ಕೆ ಬೀಗ ಹಾಕಿದವರು ನಾವೇ!



ಅಂಗಡಿಯ ನಾಮಫಲಕದಲ್ಲಿ ಕನ್ನಡ ಇಲ್ಲ ಎಂದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ! ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ನಿಮ್ಮ ಕನ್ನಡ ಯಾವ ವೇಷದಲ್ಲಿ ಕೂತಿದೆ ಎಂದು ಎಂದಾದರೂ ನೋಡಿದ್ದೀರಾ?

ಇಲ್ಲೇ ಮೈಸೂರಿನಲ್ಲಿ ಗೆಳೆಯರೊಬ್ಬರ ಹಳೆಯ ಪ್ರಬಂಧದ ಕಡತವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆವು. 'ಕನ್ನಡ' ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಜರ್ಮನ್ನರದೊಂದು ಅಕ್ಷರ! ವೈರಸ್ ಅಲ್ಲ ಸ್ವಾಮಿ. ಆ ಕಾಲದ ಫಾಂಟುಗಳ ರೀತಿಯೇ ಅದು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳು ಬಾಡಿಗೆಗಿದ್ದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ಫಾಂಟು ಹೋಯಿತೋ, ಓದೂ ಹೋಯಿತು.

ಅಂದಿಗೆ ಅದು ತಪ್ಪಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಕೀಲಿಮಣೆ ಕೊಟ್ಟರು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ ಬಂತು. ಇವರೆಲ್ಲರ ಋಣ ದೊಡ್ಡದು. ಆದರೆ 1991ರಲ್ಲೇ, ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತ್ತು. ಅಲ್ಲಿ 'ಕನ್ನಡ' ಎಂದರೆ ಐದು ಸಂಕೇತ: ಕ, ನ, ಒತ್ತಿಗೊಂದು ಗುರುತು, ಮತ್ತೆ ನ, ಡ. ಮೈಸೂರಿನಲ್ಲಿ ಬರೆದು ಮಸ್ಕತ್‌ನಲ್ಲಿ ತೆರೆದರೂ ಅದೇ ಐದು. ಹಳೆಗನ್ನಡದ ನಕಾರಪೊಲ್ಲಿಗೂ 2021ರಲ್ಲಿ ಮನೆ ದಕ್ಕಿದೆ.

ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ಫಾಂಟೇ ದೊರೆ! ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ, ಅಂಗಡಿಯವರಿಗೆ ಪೇಜ್‌ಮೇಕರ್ ಬಿಟ್ಟು ಬೇರೆ ಬೇಕಿಲ್ಲ. ಇದರ ಪೆಟ್ಟು ಯಾರಿಗೆ ಗೊತ್ತೇ? ಕಣ್ಣು ಕಾಣದ ವಿದ್ಯಾರ್ಥಿಗೆ ಕಂಪ್ಯೂಟರೇ ಪುಟ ಓದಿ ಹೇಳುತ್ತದೆ. ಹಳೆಯ ಫಾಂಟಿನ ಕಡತ ಕೊಟ್ಟು ನೋಡಿ: ಪಾಠದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲ. ಕನ್ನಡದ ಮಗುವಿಗೆ ಕನ್ನಡದ ಪಾಠ ಕೇಳದಂತೆ ಮಾಡಿದ ಪಾಪ ಇದು. ಗೂಗಲ್‌ನಲ್ಲಿ ಹುಡುಕಿದರೆ ಆ ಬರಹ ಸಿಗುವುದೂ ಇಲ್ಲ.

ಇದೇ ಊರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರದ ತಾಳೆಗರಿ ದೊರೆಯಿತು. ಗ್ರಂಥಲಿಪಿಯ ಬರಹ. ಯಾವ ಗುರುತು ಯಾವ ಅಕ್ಷರ ಎಂಬ ಕಟ್ಟಳೆ ಗೊತ್ತಿದ್ದವರಿದ್ದರು, ಓದಿದರು. 1909ರಲ್ಲಿ ಅಚ್ಚೂ ಆಯಿತು. ನಮಗೋ, ಇಪ್ಪತ್ತೈದು ವರ್ಷದ ಹಿಂದೆ ನಾವೇ ಟೈಪು ಮಾಡಿದ್ದು ಓದಲಾಗುತ್ತಿಲ್ಲ! ಇದಕ್ಕೆ ದಿಲ್ಲಿಯನ್ನು ಬೈಯುವಂತಿಲ್ಲ, ಪಕ್ಕದ ರಾಜ್ಯವನ್ನೂ ಬೈಯುವಂತಿಲ್ಲ.

ಮನೆಯಲ್ಲಿ ಹಳೆಯ ಸಿಡಿ ಇದ್ದರೆ ಈ ಭಾನುವಾರವೇ ಹೊರತೆಗೆಯಿರಿ. ಅಪ್ಪನ ಲೇಖನ, ಅಕ್ಕನ ಪ್ರಬಂಧ, ಸಂಘದ ಸಂಚಿಕೆ, ಏನಿದೆಯೋ ನೋಡಿ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುವುದುಂಟು, ಕಣ್ಣಿಟ್ಟು ತಿದ್ದಿ. ಇನ್ನು ರಾಜ್ಯೋತ್ಸವದ ಸ್ಮರಣ ಸಂಚಿಕೆಯನ್ನು ಅಚ್ಚಿಗೆ ಕೊಡುವಾಗ, ದರ ಕೇಳುವ ಮೊದಲೇ ಅಂಗಡಿಯವರನ್ನು ಕೇಳಿ: "ಸಾರ್, ಇದು ಯೂನಿಕೋಡ್‌ನಲ್ಲೇ ತಾನೇ?" ಅವರು ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.