ಅಂಗಳದಲ್ಲಿ ನಿಂತ ಜೀಪು

ಮಲೆನಾಡಿನ ತೋಟದ ಮನೆಗಳಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಮಹೀಂದ್ರ ಜೀಪನ್ನು ನೀವು ನೋಡಿರಬಹುದು. ನಾಲ್ಕೂ ಚಕ್ರಗಳ ಬಲದಿಂದ ಕೆಸರು ಗೆದ್ದ ಗಾಡಿಯನ್ನು ಕೊನೆಗೆ ಮಳೆಗಾಲದ ತುಕ್ಕು ಮಲಗಿಸಿರುತ್ತದೆ.

"ನಾನೇ ಸರಿ ಮಾಡುತ್ತೇನೆ ಅಬ್ಬಾ" ಎಂದು ಮಗ ಹೊರಟರೆ, ಗುಜರಿಗೆ ಹಾಕೆಂದು ಗದರಬೇಡಿ. ಮೊದಲು ಆರ್.ಸಿ. ತೆಗೆದು ಇಂಜಿನ್, ಚಾಸಿಸ್ ನಂಬರುಗಳು ತಾಳೆಯಾಗುತ್ತವೆಯೇ ನೋಡಿ. 15 ವರ್ಷ ದಾಟಿದ ಗಾಡಿಯನ್ನು ನೋಂದಣಿ ನವೀಕರಿಸದೆ ರಸ್ತೆಗಿಳಿಸುವಂತಿಲ್ಲ. ದಾಖಲೆ ಸರಿಯಿಲ್ಲದಿದ್ದರೆ ಸುರಿದ ಹಣವೆಲ್ಲ ನೀರುಪಾಲು.

ಆಮೇಲೆ ಸೋಲುಗಳ ಸರದಿ. ತುಕ್ಕು ಹಿಡಿದ ಬೋಲ್ಟು ಅವಸರಪಟ್ಟರೆ ಮುರಿಯುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದರೆ ಎಷ್ಟೋ ಸಲ ಸಡಿಲಾಗುತ್ತದೆ. ಅಂಗೈಯಷ್ಟು ತೂತೆಂದು ಕೆರೆದರೆ ಕಾಲಡಿಯ ತಗಡೇ ಉದುರುತ್ತದೆ. ಇಂಜಿನ್ ಸ್ಟಾರ್ಟ್ ಆದ ದಿನ ಮನೆಯವರೆಲ್ಲ ಹಿಗ್ಗುತ್ತಾರೆ. ಮರುದಿನ ರೇಡಿಯೇಟರ್ ಕುದಿಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ನೀರಿನ ದಾರಿಯಲ್ಲಿ ತುಕ್ಕು ಕಟ್ಟಿರುತ್ತದೆ, ಅದನ್ನು ತೊಳೆಸಬೇಕು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಡಬ್ಬಿಗಳಲ್ಲಿ ಹಾಕಿ ಹೆಸರು ಬರೆದಿಡಿ. ಇಲ್ಲವಾದರೆ ಮೂರು ತಿಂಗಳ ನಂತರ ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ.

ಎರಡು ವಿಷಯದಲ್ಲಿ ರಾಜಿ ಬೇಡ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗಿದ್ದರೂ ಒಳಗಿನ ಆವಿ ಸಿಡಿಯಬಲ್ಲದು. ಅದರ ವೆಲ್ಡಿಂಗ್ ಮನೆಯಲ್ಲಿ ಮಾಡಬೇಡಿ. ಬ್ರೇಕಿನ ಹಳೆಯ ರಬ್ಬರುಗಳು ಗಟ್ಟಿಯಾಗಿ ಆಯಿಲ್ ಸೋರುತ್ತದೆ. ಹೊಸದು ಹಾಕಿಸಿ, ಬಲ್ಲ ಮೆಕ್ಯಾನಿಕ್‌ಗೆ ತೋರಿಸಿಯೇ ಓಡಿಸಿ. ಬಣ್ಣದ ಆಸೆ ಎಲ್ಲಕ್ಕಿಂತ ಕೊನೆಗೆ.

ಮನೆಯ ದಿನಸಿ, ಶಾಲೆಯ ಫೀಸು ಮುಟ್ಟದೆ ಉಳಿದ ಹಣದಲ್ಲಿ ತಿಂಗಳಿಗೊಂದು ಕೆಲಸ ಮುಗಿಯಲಿ. ಅರ್ಧಕ್ಕೆ ಕೈಬಿಟ್ಟ ಗಾಡಿಗೆ ಗುಜರಿಯವನು ಕೊಡುವುದು ಕಬ್ಬಿಣದ ತೂಕದ ಬೆಲೆ. ಬೋಲ್ಟು ಮುರಿದ ದಿನ ಮಗ ಕೈಚೆಲ್ಲಿ ಕೂತರೆ ಉಪದೇಶ ಮಾಡದೆ, ಸ್ಪ್ಯಾನರ್ ಹಿಡಿದು ನೀವೂ ಪಕ್ಕದಲ್ಲಿ ಕೂತುಕೊಳ್ಳಿ.