ಕುರ್ಚಿ ಮಾಡೋದೂ ಇಂಜಿನಿಯರಿಂಗೇ

ಮಿನಿ ಪ್ರಾಜೆಕ್ಟ್‌ಗೆ ಏನು ಮಾಡ್ತೀರಾ ಅಂತ ಕೇಳಿದಾಗ ನಾವು ಮೂವರೂ "ಕುರ್ಚಿ" ಅಂದ್ವಿ. ಕ್ಲಾಸಿಗೆ ಕ್ಲಾಸೇ ನಕ್ಕಿತು. "ಅದು ಕಾರ್ಪೆಂಟರ್ ಕೆಲಸ ಅಲ್ವೇನ್ರೋ?" ಅಂದ್ರು. ಅವತ್ತು ನಮ್ಮ ಹತ್ರ ಉತ್ತರ ಇರಲಿಲ್ಲ. ಈಗ ಇದೆ.

ಡಿಸೈನ್ ಓದೋ ಹುಡುಗರು ಮಾಡಿದ ವಿಚಿತ್ರ ಕುರ್ಚಿಗಳನ್ನ ನೀವೂ ಮೊಬೈಲ್‌ನಲ್ಲಿ ನೋಡಿರ್ತೀರಿ. ಹಗ್ಗದ್ದು, ರಟ್ಟಿನದ್ದು, ಮೂರೇ ಕಾಲಿನದ್ದು. ನಮಗೂ ಮೊದಲು ತಮಾಷೆ ಅನ್ನಿಸ್ತು. ಆಮೇಲೆ ಹುಡುಕಿ ಓದಿದ್ವಿ. ಜರ್ಮನಿಯ ಬೌಹೌಸ್ ಶಾಲೆಯ ಮಾರ್ಸೆಲ್ ಬ್ರೂಯರ್ 1925ರಲ್ಲಿ ಸೈಕಲ್ ಹ್ಯಾಂಡಲ್ ನೋಡಿ ಉಕ್ಕಿನ ಪೈಪ್ ಬಗ್ಗಿಸಿ ಕುರ್ಚಿ ಮಾಡಿದಾಗ ಅವನಿಗೆ 23ರ ಆಸುಪಾಸು. ಇಟಲಿಯ ಎಂಜೊ ಮಾರಿ 1974ರಲ್ಲಿ ಹಲಗೆ, ಮೊಳೆ, ಸುತ್ತಿಗೆ ಇದ್ದರೆ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಕುರ್ಚಿ, ಮೇಜುಗಳ ನಕ್ಷೆ ಕೊಟ್ಟ. ನಮ್ಮ ಬೆಂಗಳೂರಿನ ಸಂದೀಪ್ ಸಂಗಾರು ಬಿದಿರಿನಲ್ಲಿ ಟ್ರಸ್ ಥರದ ಪೀಠೋಪಕರಣ ಮಾಡಿದ್ದಾರೆ. ಟ್ರಸ್ ಅಂದ್ರೆ ಪರೀಕ್ಷೆಗೆ ಲೆಕ್ಕ ಹಾಕೋಕೆ ಮಾತ್ರ ಅಂದುಕೊಂಡಿದ್ವಿ!

ಆದರೆ ನಮ್ಮ ಕುರ್ಚಿ ಯಾರಿಗೆ? ನಮ್ಮಲ್ಲೊಬ್ಬನ ಅಮ್ಮ ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಹೊಲಿದ ಪ್ಯಾಂಟುಗಳ ದಾರ ಕತ್ತರಿಸೋ ಕೆಲಸ ಮಾಡ್ತಾರೆ. ದಿನವಿಡೀ ನೆಲದ ಮೇಲೆ, ಬೆನ್ನಿಗೆ ಆಸರೆ ಇಲ್ಲ. ರಾತ್ರಿ ಸೊಂಟಕ್ಕೆ ಬಿಸಿನೀರಿನ ಚೀಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನ ಕಾನೂನಲ್ಲೇ ಬರೆದವು. ಕೂರೋದು ಅಷ್ಟು ದೊಡ್ಡ ವಿಷಯ ಅಂತ ನಮಗೆ ಗೊತ್ತಾಗಿದ್ದು ಆಗಲೇ.

ಕುರುಗೋಡಿನ ಗೆಳೆಯನ ಮಾವನ ವೆಲ್ಡಿಂಗ್ ಶಾಪ್‌ನಲ್ಲಿ ಹಳೇ ಸ್ಕ್ವೇರ್ ಪೈಪಿನಿಂದ ಚೌಕಟ್ಟು ಮಾಡಿದ್ವಿ. ನಮ್ಮ ಬಿಸಿಲಿಗೆ ಕಬ್ಬಿಣದ ಸೀಟು ಸುಡುತ್ತೆ, ರೆಕ್ಸಿನ್ ಬೆವರುತ್ತೆ. ಅದಕ್ಕೆ ಯೂನಿಟ್‌ನಲ್ಲಿ ಎಸೆಯೋ ಜೀನ್ಸ್ ತುಂಡುಗಳನ್ನೇ ಪಟ್ಟಿ ಮಾಡಿ ಹೆಣೆದ್ವಿ. ಹೆಣೆಯೋದು ಕಲಿಸಿದ್ದು ಸಿರುಗುಪ್ಪದ ಗೆಳೆಯನ ತಾತ. ಹೊರಸು ಹೆಣೆದೇ ಅಭ್ಯಾಸ ಇದ್ದ ಕೈ ಅದು.

ಅಮ್ಮ ಕೂತರು. ಸೀಟು ಮೂರು ಇಂಚು ಕೆಳಗಿಳೀತು. "ಕುಂದ್ರಾಕ ಚೊಲೋ ಐತಪ್ಪ, ಏಳಾಕ ಮಾತ್ರ ನೀವೇ ಬರಬೇಕು" ಅಂದ್ರು.

ಯಾಕೆ ಜೋತುಬಿತ್ತು? ತುಂಡುಗಳನ್ನ ಸಿಕ್ಕ ಸಿಕ್ಕ ಕಡೆಗೆ ಕತ್ತರಿಸಿದ್ವಿ. ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತೆ, ಹಾಸಿನ ಎಳೆ ಉದ್ದಕ್ಕೆ ಕತ್ತರಿಸಿದ್ರೆ ತಡೆಯುತ್ತೆ. ಇದನ್ನ ಹೇಳಿದ್ದೂ ಅಮ್ಮನೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ "ಹಾಸುಹೊಕ್ಕು" ಅನ್ನೋ ಪದ ಭಾಷಣದಲ್ಲಿ ಕೇಳಿ ಗೊತ್ತಿತ್ತೇ ಹೊರತು, ಅದು ಬಟ್ಟೆಯ ಎಳೆಗಳ ಹೆಸರು ಅಂತ ಗೊತ್ತಿರಲಿಲ್ಲ.

ಎರಡನೇ ಸಲ ಪಟ್ಟಿಗಳನ್ನ ಸರಿಯಾಗಿ ಕತ್ತರಿಸಿ, ಸೀಟನ್ನ ಹತ್ತರಿಂದ ಹದಿನಾಲ್ಕು ಇಂಚಿಗೆ ಏರಿಸಿ, ಅಡಿಗೆ ಒಂದು ಅಡ್ಡಪಟ್ಟಿ ಕೊಟ್ವಿ. ಒಂದು ತಿಂಗಳಾಯ್ತು, ಅಮ್ಮ ಅದರಲ್ಲೇ ಕೂರ್ತಿದ್ದಾರೆ. ಸೊಂಟನೋವು ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ. ಆದರೆ ಬಿಸಿನೀರಿನ ಚೀಲ ದಿನಾ ಹೊರಗೆ ಬರ್ತಿಲ್ಲ. ಪಕ್ಕದಲ್ಲಿ ಕೂರೋ ನಾಲ್ವರು "ನಮಗೂ ಒಂದು" ಅಂದಿದ್ದಾರೆ.

ಲೋಡ್, ಮೆಟೀರಿಯಲ್, ಜಾಯಿಂಟ್, ಫೇಲ್ಯೂರ್, ರೀಡಿಸೈನ್. ಸಿಲಬಸ್‌ನಲ್ಲಿ ಇರೋದೆಲ್ಲ ಒಂದು ಕುರ್ಚಿಯಲ್ಲಿ ಸಿಕ್ತು. ಜೊತೆಗೆ, ತಪ್ಪಾದ್ರೆ ಮುಖದ ಮೇಲೇ ಹೇಳೋ ಒಬ್ಬ ಎಕ್ಸಾಮಿನರ್. ದುಡ್ಡು ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟ್‌ನಲ್ಲಿ ಇದು ಸಿಗುತ್ತಾ? ವೈವಾ ಮುಗಿದ ಮೇಲೆ ಆ ಮಾಡೆಲ್‌ಗಳು ಎಲ್ಲಿ ಹೋಗ್ತವೆ ಅಂತ ನಮಗೆಲ್ಲ ಗೊತ್ತು.

ಕುರ್ಚಿ ವಿಚಿತ್ರವಾಗಿ ಕಾಣಬೇಕು ಅಂತ ನಾವು ಹೇಳ್ತಿಲ್ಲ. ಕೂರುವವರನ್ನ ಅಳತೆ ಮಾಡಿ ಮಾಡಿದ್ರೆ ಅದು ತಾನಾಗೇ ಅಂಗಡಿ ಕುರ್ಚಿ ಥರ ಇರಲ್ಲ. ನಮ್ಮ ಬೇಡಿಕೆ ಇಷ್ಟೇ: ಇಂಥ ಕೆಲಸವನ್ನೂ ಮಿನಿ ಪ್ರಾಜೆಕ್ಟ್ ಅಂತ ಒಪ್ಪಲಿ, ಕ್ಲಾಸ್ ಮುಗಿದ ಮೇಲೆ ಎರಡು ಗಂಟೆ ವರ್ಕ್‌ಶಾಪ್ ಬಾಗಿಲು ತೆಗೆದಿರಲಿ.

ಇನ್ನೂ ನಾಲ್ಕು ಕುರ್ಚಿ ಬಾಕಿ ಇವೆ. ಶನಿವಾರ ಕುರುಗೋಡಿಗೆ ಹೋಗ್ತಿದ್ದೀವಿ. ಅವತ್ತು ನಕ್ಕವರೂ ಬನ್ನಿ, ಪಟ್ಟಿ ಕತ್ತರಿಸೋಕೆ ಕೈ ಬೇಕು.